ಮೂರು ಗೆರೆಯ ಬೋಲ್ಟು

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರತೊಡಗಿದ ಮಳೆಗಾಲದಲ್ಲಿ ನಾನು ಸಾಗರದಲ್ಲಿ ಲಾರಿ ಓಡಿಸುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಹಳೇ ಮಿಲಿಟರಿ ಲಾರಿ ಅದು. ಮುಳುಗಡೆ ಊರುಗಳಿಂದ ಜನರ ಸಾಮಾನು ಹೇರಿಕೊಂಡು ಬರುವುದೇ ಆಗ ನನ್ನ ಕೆಲಸ. ಹೊನ್ನೆಮರಡಿನ ಆಚೆಯ ಹಳ್ಳಿಯೊಂದರಲ್ಲಿ ನನ್ನ ತಂಗಿಯ ಮನೆ. ಅವಳ ಗಂಡ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಿದ್ದ. ಅಕ್ಕಪಕ್ಕದವರೆಲ್ಲ ಖಾಲಿ ಮಾಡಿ ಹೋಗಿದ್ದರು. ಸುದ್ದಿ ಮುಟ್ಟಿದ ದಿನವೇ ಲಾರಿ ತೆಗೆದುಕೊಂಡು ಹೋದೆ.

ಮೊದಲು ರೋಗಿ, ಸಾಮಾನು ಎರಡನೇ ಟ್ರಿಪ್ಪಿಗೆ ಎಂದುಕೊಂಡೆವು. ಲಾರಿಯ ಹಿಂದೆ ಹುಲ್ಲು ಹಾಸಿ, ಮೇಲೆ ಟಾರ್ಪಾಲು ಕಟ್ಟಿ ಭಾವನನ್ನು ಮಲಗಿಸಿದೆವು. ತಂಗಿ ಅವನ ಪಕ್ಕ ಕೂತಳು. ದಾರಿಯಲ್ಲಿ ಒಂದು ಹಳ್ಳ. ನಾನು ಬರುವಾಗಲೇ ಹಿನ್ನೀರು ನುಗ್ಗಿ ಅರ್ಧ ಚಕ್ರ ಮುಳುಗುವಷ್ಟಾಗಿತ್ತು. ಸಂಜೆಯೊಳಗೆ ದಾಟದಿದ್ದರೆ ಆ ದಾರಿಯೇ ಇಲ್ಲ.

ಹಳ್ಳಕ್ಕೆ ಮುಂಚಿನ ಏರಿನಲ್ಲಿ ಲಾರಿಯಡಿ ಟಣ್ಣೆಂದಿತು. ಇಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಕೆಳಗೆ ನುಗ್ಗಿ ನೋಡಿದೆ. ಹಿಂಚಕ್ರ ತಿರುಗಿಸುವ ಉದ್ದನೆಯ ಶಾಫ್ಟಿನ ಹಿಂದಿನ ಜೋಡಣೆಯಲ್ಲಿ ಬೋಲ್ಟುಗಳೆಲ್ಲ ತುಂಡಾಗಿ, ಶಾಫ್ಟು ಕೆಸರಿಗೆ ಬಿದ್ದಿತ್ತು.

ಸೀಟಿನಡಿಯ ತಗಡಿನ ಡಬ್ಬಿ ಸುರಿದೆ. ಅಳತೆಗೆ ಕೂರುವ ಬೋಲ್ಟುಗಳೇನೋ ಸಿಕ್ಕಿದವು, ತಲೆ ಮಾತ್ರ ನುಣ್ಣಗಿತ್ತು. ಅಂಥದ್ದು ಮೆದು ಕಬ್ಬಿಣ, ಗೇಟಿಗೆ ಬೆಂಚಿಗೆ ಸಾಕು. ತಲೆಯ ಮೇಲೆ ಮೂರು ಗೆರೆ ಎದ್ದಿದ್ದರೆ ಅದು ಕಾಯಿಸಿ ಹದ ಮಾಡಿದ ಗಟ್ಟಿ ಉಕ್ಕು. ಗೊತ್ತಿದ್ದೂ, ಬೇರೆ ಗತಿಯಿಲ್ಲದೆ ನುಣ್ಣನೆಯವನ್ನೇ ಬಿಗಿದೆ. ಲಾರಿ ನಾಲ್ಕು ಮಾರು ಹೋಗಿರಬೇಕು, ಮತ್ತೆ ಟಣ್ಣೆಂದಿತು.

ತಂಗಿ ಮೇಲಿನಿಂದ ಧುಮುಕಿದಳು. “ಅಣ್ಣಾ, ಇವ್ರನ್ನ ಕರೆದ್ರೆ ಮಾತಾಡ್ತಾ ಇಲ್ಲ. ಎಂತಾರೂ ಮಾಡೋ!”

“ಗಟ್ಟಿ ಬೋಲ್ಟು ಬೇಕು ಕಣೇ. ತಲೆ ಮೇಲೆ ಮೂರು ಗೆರೆ ಇರೋದು.”

ಅವಳು ಮಳೆಯಲ್ಲೇ ಕೂತು ಒಂದೊಂದನ್ನೂ ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. “ಇದ್ರಲ್ಲಿಲ್ಲ. ಇದ್ರಲ್ಲೂ ಇಲ್ಲ.” ಡಬ್ಬಿ ಖಾಲಿಯಾಯಿತು.

“ಈ ಲಾರೀಲಿ ಬೇರೆ ಎಲ್ಲೂ ಇಲ್ವೇನೋ ಅಂಥದ್ದು?” ಎಂದು ಅವಳು ಕಿರುಚಿದಳು.

ಇತ್ತು. ಅದೇ ಶಾಫ್ಟಿನ ಮುಂದಿನ ಜೋಡಣೆಯಲ್ಲಿ ನಾಲ್ಕಿದ್ದವು. ಗ್ರೀಸು ಕೆರೆದು ಬೆರಳಾಡಿಸಿದೆ. ಮೂರು ಗೆರೆ ಸಿಕ್ಕಿತು. ಎದುರುಬದುರಿನ ಎರಡನ್ನು ಬಿಚ್ಚಿ ಹಿಂದೆ ಹಾಕಿದೆ. ಈಗ ಎರಡೂ ಕಡೆ ಎರಡೆರಡು.

“ತಡೀತದಾ?”

“ಗೊತ್ತಿಲ್ಲ.”

“ಹಳ್ಳದಲ್ಲಿ ಮುರಿದ್ರೆ?”

“ಹೊತ್ಕೊಂಡು ದಾಟಿಸ್ತೀನಿ. ಹತ್ತು.”

ಮೊದಲನೇ ಗೇರಿನಲ್ಲೇ ಹಳ್ಳಕ್ಕೆ ಇಳಿದೆ. ನೀರು ಕಾಲಡಿಯ ಹಲಗೆ ಸಂದಿಯಿಂದ ಒಳಗೆ ಬಂತು. ನಡುವೆ ಚಕ್ರ ಕಲ್ಲಿಗೆ ಸಿಕ್ಕಿ ಲಾರಿ ನಡುಗಿ ನಿಂತಿತು. ಇನ್ನಷ್ಟು ಜೋರು ಕೊಟ್ಟರೆ ಬೋಲ್ಟು ಹೋಗುತ್ತದೆ, ಕೊಡದಿದ್ದರೆ ನಾವೇ ಹೋಗುತ್ತೇವೆ. ಹಿಂದಿನಿಂದ ತಂಗಿ ದೇವರನ್ನೆಲ್ಲ ಕೂಗುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಆಕ್ಸಿಲರೇಟರ್ ಒತ್ತಿದೆ. ಲಾರಿ ಕಲ್ಲು ಹತ್ತಿ ದಡಕ್ಕೆ ಬಂತು.

ಸಾಗರದ ಆಸ್ಪತ್ರೆಯ ಡಾಕ್ಟರು ರೇಗಿದರು. “ಇಷ್ಟು ದಿನ ಏನ್ರೀ ಮಾಡ್ತಿದ್ರಿ?” ತಂಗಿ ಕಟ್ಟೆಯ ಮೇಲೆ ಕುಸಿದಳು.

ಭಾವ ಬದುಕಿದ. ಜ್ವರದಿಂದ ಅವನ ಒಂದು ಕಿವಿ ಕಿವುಡಾಯಿತು. ಎರಡನೇ ಟ್ರಿಪ್ಪು ಆಗಲೇ ಇಲ್ಲ. ಮಾರನೆಯ ದಿನ ಹೋದರೆ ಹಳ್ಳವಿದ್ದಲ್ಲಿ ಬರೀ ನೀರು. ಅವರ ಭತ್ತ, ಪಾತ್ರೆ, ಬಾಗಿಲು ಎಲ್ಲ ಅಲ್ಲೇ ಉಳಿದವು.

ರಿಪ್ಪನ್‌ಪೇಟೆಯ ಹತ್ತಿರ ಅವರಿಗೆ ಮುಳುಗಿದ ನೆಲದ ಬದಲಿಗೆ ಕಲ್ಲುಗುಡ್ಡದ ಜಾಗ ಸಿಕ್ಕಿತು. ಭಾವ ಗುದ್ದಲಿ ಹಿಡಿದ ದಿನ ನಾನೂ ಹೋಗಿದ್ದೆ. ತಂಗಿ ದೂರದಿಂದ ಏನೋ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಹತ್ತಿರ ಬಂದು, ಕೇಳುವ ಕಿವಿಯ ಕಡೆ ನಿಂತು, ಊಟಕ್ಕೆ ಕರೆದಳು.