ಮತ್ತೆ ಬಣ್ಣ ಹೊಡೆಯಲು ಬಂದರು

ಅಂಗನವಾಡಿಯ ಗೋಡೆಗೆ ಚಿತ್ರ ಬರೆಯಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುಡುಕರನ್ನಾದರೂ ಸಹಿಸಿಕೊಂಡೇನು. ಅವರು ಮಾರನೆಯ ದಿನ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ; ಇವರು ಫೋಟೋ ಹಾಕುತ್ತಾರೆ.

ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆಯ ಕೆಳಗಿನ ದೊಡ್ಡ ಕೋಣೆಯನ್ನು ಅಂಗನವಾಡಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ನಾನು ಮೇಲಿನ ಮನೆಯಲ್ಲಿದ್ದೇನೆ. ಇದು ನನ್ನ ಮೈದುನನಿಗೆ ಹಿಡಿಸದು. "ಟ್ಯೂಷನ್ ಸೆಂಟರ್‌ನೋರು ಕೇಳ್ತಿದಾರೆ ಅತ್ತಿಗೆ. ಸುಮ್ನೆ ಯಾರ್ಯಾರ್ದೋ ಮಕ್ಳನ್ನ ಇಟ್ಕೊಂಡಿದೀರಲ್ಲ" ಎಂದು ಹಬ್ಬಕ್ಕೊಮ್ಮೆ ಬಂದು ಒಬ್ಬಟ್ಟು ತಿಂದು ಮೂಗು ಮುರಿದು ಹೋಗುತ್ತಾನೆ. ತನ್ನ ಮೊಮ್ಮಗನನ್ನು ಮಾತ್ರ ಮೂರು ತುಂಬುವ ಮೊದಲೇ ಜಯನಗರದ ಏಸಿ ಪ್ಲೇಸ್ಕೂಲಿಗೆ ಸೇರಿಸಿದ್ದಾನೆ. "ಈ ವಯಸ್ಸಲ್ಲೇ ಫೌಂಡೇಶನ್ ಬೀಳ್ಬೇಕು ಅತ್ತಿಗೆ, ಆಮೇಲೆ ಏನ್ ಮಾಡಿದ್ರೂ ಅಷ್ಟೇ" ಎಂದು ನನಗೇ ಪಾಠ ಹೇಳಿದ. ಇವನ ಮೊಮ್ಮಗನಿಗೆ ಬೇಕಾದ ಬುನಾದಿ ಕೂಲಿಯವರ ಮಗುವಿಗೆ ಏಕೆ ಬೇಡವೋ ದೇವರೇ ಬಲ್ಲ.

ರಸ್ತೆಯಾಚೆ ಒಂದು ಅಪಾರ್ಟ್‌ಮೆಂಟ್ ಇದೆ. ಆ ಜಾಗದಲ್ಲಿ ಹಿಂದೆ ನಾವು ರಾಗಿ ಬೆಳೆಯುತ್ತಿದ್ದೆವು. ಮಾರಿದವರೂ ನಾವೇ, ಅದರ ಬಗ್ಗೆ ನನ್ನ ದೂರೇನಿಲ್ಲ. ಅಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸರ ಮಕ್ಕಳೇ ಹೆಚ್ಚಾಗಿ ನಮ್ಮ ಕೆಳಗಿನ ಕೋಣೆಗೆ ಬರುವವರು. ಅಲ್ಲಿನ ಮನೆಯೊಡತಿಯರು ಸೇರಿ ಒಂದು ಸೇವಾ ತಂಡವನ್ನೂ ಕಟ್ಟಿಕೊಂಡಿದ್ದಾರೆ.

ಕಳೆದ ವರ್ಷ ಅಂಗನವಾಡಿಯ ಸಹಾಯಕಿ ನಿವೃತ್ತಳಾದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಟೀಚರ್ ಒಬ್ಬರೇ ಅಡುಗೆ ಮಾಡಬೇಕು, ಮಕ್ಕಳ ಮೂಗು ಒರೆಸಬೇಕು, ಕಥೆಯನ್ನೂ ಹೇಳಬೇಕು. ಕಥೆಯಲ್ಲಿ ನರಿ ಬಾವಿಗೆ ಬೀಳುವ ಹೊತ್ತಿಗೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ಆಗಲೇ ಆ ತಂಡ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಏನಾದರೂ ಸಹಾಯ ಮಾಡುತ್ತೇವೆಂದು ಬಂದಿತು. ದಿನಕ್ಕೊಬ್ಬರು ಬಂದು ಒಂದು ಗಂಟೆ ಮಕ್ಕಳ ಜೊತೆ ಕೂತರೆ ಸಾಕು ಎಂದೆ.

ತಂಡದ ಮುಂದಾಳು ನಕ್ಕಳು. "ವೀಕ್‌ಡೇಸ್ ಕಷ್ಟ ಆಂಟಿ. ಅಲ್ದೆ ಏನಾದ್ರೂ ಕಣ್ಣಿಗೆ ಕಾಣೋ ಹಾಗಿರ್ಬೇಕಲ್ವಾ?"

ಕಣ್ಣಿಗೆ ಕಾಣುವ ಹಾಗೆಯೇ ಮಾಡಿದರು. ಒಂದು ಶನಿವಾರ ಬಂದು ಒಳಗೋಡೆಗೆಲ್ಲ ಆಯಿಲ್ ಪೇಂಟ್ ಮೆತ್ತಿದರು. ಪುಟ್ಟೇನಹಳ್ಳಿಯ ಮಕ್ಕಳಿಗೆಂದು ಹಿಮದ ಮನುಷ್ಯನನ್ನು ಬರೆದರು. ಸ್ವಿಚ್ ಬೋರ್ಡು ಅಡ್ಡ ಬಂತೆಂದು ಜಿರಾಫೆಯ ಕತ್ತನ್ನು ಪಕ್ಕಕ್ಕೆ ತಿರುಚಿದರು. ಪಾಪ, ಅದು ಇವತ್ತಿಗೂ ಕತ್ತು ಉಳುಕಿಸಿಕೊಂಡು ನಿಂತಿದೆ.

ಕೋಣೆಯಲ್ಲಿ ಆಗ ನಾಲ್ಕು ವರ್ಷದ ಒಂದು ಹುಡುಗಿ ಇದ್ದಳು. ಯಾದಗಿರಿ ಕಡೆಯವರ ಮಗಳು. ಬಂದ ಹೊಸದರಲ್ಲಿ ಬಾಯಿಯೇ ಬಿಡದೆ ಕಿಟಕಿಯ ಕೆಳಗೆ ಮುದುರಿಕೊಳ್ಳುತ್ತಿದ್ದಳು. ಮೊಟ್ಟೆ ಕೊಟ್ಟರೆ ಅರ್ಧ ತಿಂದು ಉಳಿದದ್ದನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ಕೆಲವೇ ತಿಂಗಳಲ್ಲಿ ಹಾಡಿಗೆ ಅವಳೇ ಮುಂದು. ನಾನು ಕೆಳಗೆ ಹೋದರೆ "ಅಜ್ಜಿ, ಚಪ್ಪಲಿ ಹೊರಗೆ!" ಎಂದು ಗದರುತ್ತಿದ್ದಳು. ಸಂಜೆ ಮೆಟ್ಟಿಲು ಹತ್ತಿ ಬಂದು ಟೀಚರ್ ಹೇಳಿದ ಕಥೆಯನ್ನು ನನಗೆ ಒಪ್ಪಿಸುತ್ತಿದ್ದಳು. ಟೀಚರ್ ಅರ್ಧಕ್ಕೆ ಬಿಟ್ಟಿದ್ದರೆ ಉಳಿದದ್ದನ್ನು ತಾನೇ ಕಟ್ಟುತ್ತಿದ್ದಳು. ಈ ಮಗು ಅವರಮ್ಮನ ಹಾಗೆ ಪಾತ್ರೆ ತಿಕ್ಕುವುದಿಲ್ಲ ಎಂದು ನಾನು ನಂಬಿಬಿಟ್ಟಿದ್ದೆ.

ಆ ಶನಿವಾರ ಮುಂದಾಳು ಇದೇ ಹುಡುಗಿಯ ಕೈಗೆ ಬ್ರಷ್ ಕೊಟ್ಟು, ಕೆನ್ನೆಗೆ ಕೆನ್ನೆ ಹಚ್ಚಿ ಫೋಟೋ ತೆಗೆಸಿಕೊಂಡಳು.

ಬಣ್ಣದ ವಾಸನೆಗೆ ಮೂರು ದಿನ ಅಂಗನವಾಡಿಗೆ ಬೀಗ ಬಿತ್ತು. ನನಗೂ ತಲೆನೋವು ಬಂದು ಬನಶಂಕರಿಯ ತಂಗಿಯ ಮನೆಗೆ ಹೋದೆ. ವಾಪಸು ಬಂದಾಗ ಹುಡುಗಿಯ ತಾಯಿ ಗೇಟಿನ ಹತ್ತಿರ ನಿಂತಿದ್ದಳು. ಅವಳು ಕೆಲಸ ಮಾಡುತ್ತಿದ್ದುದು ಆ ಮುಂದಾಳಿನ ಮನೆಯಲ್ಲೇ. ಬೀಗ ಬಿದ್ದದ್ದರಿಂದ ಮಗಳನ್ನು ಕೆಲಸಕ್ಕೆ ಕರೆದೊಯ್ದಿದ್ದಳು.

"ಹುಡುಗಿನ್ನ ಒಳಗ ತರಬ್ಯಾಡ ಅಂದ್ರರೀ ಅಕ್ಕಾರ. ಲಿಫ್ಟ್ ಹತ್ರ ಕುಂದರಿಸಿದ್ದೆ. ನಾ ಭಾಂಡಿ ತಿಕ್ಕೂದ್ರಾಗ ಎಲ್ಲೋ ಇಳದು ಹೋಗಿತ್ತು. ಹುಡುಕ್ಯಾಡಾಕ ಹೋದ್ರ, ಕೆಲಸ ಅರ್ಧಕ್ಕ ಬಿಟ್ಟಿ, ನಾಳಿಂದ ಬರಬ್ಯಾಡ ಅಂದ್ರು."

ಮಗು ನೆಲಮಾಳಿಗೆಯಲ್ಲಿ, ಕಾರುಗಳ ಸಂದಿಯಲ್ಲಿ ಸಿಕ್ಕಿತಂತೆ.

"ನನ್ನ ಹತ್ರ ಬಿಡು, ನಾನು ನೋಡ್ಕೋತೀನಿ" ಎಂದೆ. ಅವಳು ಕೇಳಲಿಲ್ಲ, ಅಷ್ಟು ಹೆದರಿದ್ದಳು. ಅದೇ ವಾರ ಮಗಳನ್ನು ಊರಿಗೆ ಬಿಟ್ಟು ಬಂದಳು. ಅಲ್ಲಿ ಅಜ್ಜಿ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಚಿಕ್ಕಪ್ಪನ ಕೂಸಿದೆ. ಅದನ್ನು ಎತ್ತಿಕೊಂಡು ಕೂರುವುದು ಇವಳ ಕೆಲಸವಂತೆ.

ಹೊಸ ವರ್ಷಕ್ಕೆ ಸೇವಾ ತಂಡ ಕ್ಯಾಲೆಂಡರ್ ಅಚ್ಚು ಹಾಕಿಸಿ ನನಗೂ ಒಂದು ಕೊಟ್ಟಿತು. ಬಿಡಿಸಿ ನೋಡಿದರೆ ಬ್ರಷ್ ಹಿಡಿದ ಅದೇ ಹುಡುಗಿ. ಅವಳನ್ನು ಹೊಸಿಲು ದಾಟಲು ಬಿಡದ ಮನೆಯ ಗೋಡೆಯ ಮೇಲೂ ಇದೇ ತೂಗುತ್ತಿರುತ್ತದೆ ಎಂದು ನೆನೆದು ನನಗೆ ಅಸಹ್ಯವಾಯಿತು.

ಮೊನ್ನೆ ಶನಿವಾರ ಮತ್ತೆ ಬಂದರು. ಅವೇ ಟೀ ಶರ್ಟುಗಳು, ಹೊಸ ಡಬ್ಬಗಳು. ಒಳಗೆ ಮಕ್ಕಳು ಊಟಕ್ಕೆ ಕೂತಿದ್ದವು.

"ಆಂಟಿ, ಈ ಸಲ ಸಮುದ್ರ, ಮೀನು, ಎಲ್ಲಾ ಸಖತ್ತಾಗಿರುತ್ತೆ!" ಎಂದಳು ಮುಂದಾಳು. "ಆ ಕ್ಯಾಲೆಂಡರ್ ಪಾಪು ಎಲ್ಲಿ? ಅವಳ ಜೊತೆ ಇನ್ನೊಂದು ಫೋಟೋ ಬೇಕು."

"ಊರಿಗೆ ಹೋದ್ಲು ಮೇಡಂ."

"ಅಯ್ಯೋ, ಯಾಕೆ?"

"ನೀವು ಬಣ್ಣ ಹೊಡೆದು ಹೋದ್ಮೇಲೆ ಇಲ್ಲಿ ಬೀಗ ಹಾಕಿದ್ರು. ಅವಳು ಅಮ್ಮನ ಜೊತೆ ನಿಮ್ಮನೇಗೇ ಬಂದಿದ್ಲು. ಲಿಫ್ಟ್ ಹತ್ರ ಕೂತಿತ್ತಲ್ಲ, ಅದೇ ಪಾಪು."

ಅವಳ ಮುಖ ಸಣ್ಣಗಾಯಿತು. ಹಿಂದೆ ನಿಂತವರ ಕಡೆಗೊಮ್ಮೆ ನೋಡಿದಳು. "ಅದು ಈ ಮಗು ಅಂತ ನಂಗೆ ಗೊತ್ತಾಗ್ಲಿಲ್ಲ ಆಂಟಿ."

ಗೊತ್ತಾಗಿದ್ದರೆ ಒಳಗೆ ಬಿಡುತ್ತಿದ್ದಳಂತೆ! ನಾನು ಅಂಗನವಾಡಿಯ ಬಾಗಿಲನ್ನು ಪೂರ್ತಿ ತೆರೆದೆ. ಅನ್ನ ಕಲಸುತ್ತಿದ್ದ ಮಕ್ಕಳು ತಲೆಯೆತ್ತಿ ನೋಡಿದವು.

"ಹಾಗಾದ್ರೆ ಇವನ್ನೆಲ್ಲ ಈಗ್ಲೇ ಒಂದ್ಸಲ ಸರಿಯಾಗಿ ನೋಡ್ಕೊಂಡ್ಬಿಡಿ ಮೇಡಂ" ಎಂದೆ. "ನಾಳೆ ಯಾವ್ದು ನಿಮ್ಮ ಲಿಫ್ಟ್ ಹತ್ರ ಬಂದು ಕೂರುತ್ತೋ."

ಅವರು ಡಬ್ಬಗಳನ್ನು ಎತ್ತಿಕೊಂಡು ಹೋದ ಮೇಲೆ ಗೇಟಿನ ಚಿಲಕ ಹಾಕಿದೆ.