ಅರ್ಧ ಮಾರ್ಕಿನ ಟೀಚರು

ಆ ಶಾಲೆಯ ಗಣಿತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಅರ್ಧ ಮಾರ್ಕು’. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಉತ್ತರದ ಮುಂದೆ ಸೆಂಟಿಮೀಟರ್ ಅಂತ ಬರೆಯಲು ಮರೆತರೆ ಅರ್ಧ ಮಾರ್ಕು ಕಟ್. ಸ್ಕೇಲ್ ಇಡದೆ ಗೆರೆ ಎಳೆದರೆ ಅರ್ಧ ಮಾರ್ಕು ಕಟ್. ಲೆಕ್ಕದಲ್ಲಿ ಒಂದು ಹಂತ ಹಾರಿಸಿದರಂತೂ ಮುಗಿಯಿತು, ಕೆಂಪು ಪೆನ್ನು ಪುಟದ ತುಂಬ ಕುಣಿದಾಡುತ್ತಿತ್ತು. ಡಾಕ್ಟರ ಮಗನಿರಲಿ, ಸ್ವಂತ ತಂಗಿಯ ಮಗನಿರಲಿ, ಜಪ್ಪಯ್ಯ ಅಂದರೂ ಆ ಅರ್ಧ ಮಾರ್ಕು ವಾಪಸ್ ಬಂದದ್ದಿಲ್ಲ. “ಬೇಕಾದ್ರೆ ನನ್ನ ಒಂದು ಕಿವಿ ಕೇಳು, ಕೊಡ್ತೀನಿ. ಮಾರ್ಕು ಮಾತ್ರ ಕೇಳ್ಬೇಡ” ಅಂತ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು.

ಆದರೆ ಈ ಹೆಸರು ಯಾಕೆ ಬಂತು ಅಂತ ಅರ್ಥವೇ ಆಗದ ಕೆಲವು ಮಕ್ಕಳೂ ಅದೇ ತರಗತಿಯಲ್ಲಿದ್ದರು. ಅವರು ಕಾಲುವೆಯಾಚೆಯ ಮಕ್ಕಳು. ಅವರ ಅಜ್ಜಂದಿರು ಕಾಲುವೆ ತೋಡುವ ಕೆಲಸಕ್ಕೆ ಬಹಳ ದೂರದಿಂದ ಬಂದು ಅದರ ದಂಡೆಯಲ್ಲೇ ನಿಂತವರು. ಮನೆಮಾತು ಬೇರೆ, ಮುಖದ ಅಚ್ಚು ಬೇರೆ. ಎರಡು ತಲೆಮಾರು ಕಳೆದರೂ ಊರಿನವರ ಬಾಯಲ್ಲಿ ‘ಅವರು’ ಆಗಿಯೇ ಉಳಿದವರು. ಆ ಮಕ್ಕಳ ಪುಸ್ತಕಕ್ಕೆ ಟೀಚರು ಕೆಂಪು ಪೆನ್ನು ಸೋಕಿಸುತ್ತಿರಲಿಲ್ಲ. ಪುಟಕ್ಕೊಂದು ದೊಡ್ಡ ಸರಿ ಗುರುತು, ಕೆಳಗೊಂದು ‘ಶಾಭಾಸ್’, ಅಷ್ಟೇ. ಇದಕ್ಕೆ ಊರಿನ ಮಕ್ಕಳು ಒಂದು ದಿನವೂ ತಕರಾರು ತೆಗೆಯಲಿಲ್ಲ. ‘ಅವರ’ ಮಾರ್ಕನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದವರು ಯಾರು?

ದ್ವೇಷದಿಂದ ಮಾಡಿದ್ದು ಅಂದುಕೊಳ್ಳಬೇಡಿ. ದ್ವೇಷವೆಲ್ಲ ವಿಜ್ಞಾನದ ಮೇಷ್ಟ್ರಿಗೆ ಗುತ್ತಿಗೆ. “ಅವರ ತಲೆಗೆ ಲೆಕ್ಕ ಹತ್ತಲ್ಲ ಮೇಡಂ, ಸುಮ್ನೆ ಯಾಕೆ ಗಂಟಲು ಹರ್ಕೊಳ್ತೀರಿ?” ಅಂತ ಆತ ಸ್ಟಾಫ್ ರೂಮಿನಲ್ಲಿ ರಾಗ ಎಳೆದರೆ ಸಾಕು, ಟೀಚರು ಟೀ ಲೋಟ ಕುಕ್ಕಿ ಎದ್ದು ನಿಲ್ಲುತ್ತಿದ್ದರು. ಇಪ್ಪತ್ತೆಂಟು ವರ್ಷದ ಜಗಳ ಅದು. ಆ ಮಕ್ಕಳನ್ನು ಮಕ್ಕಳಂತೆ ಕಂಡವರು ಇವರೊಬ್ಬರೇ ಅಂತ ಕಾಲುವೆಯಾಚೆಯವರೂ ಹೇಳುತ್ತಿದ್ದರು. ಟೀಚರಿಗೂ ಹಾಗೇ ಅನಿಸಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಮಕ್ಕಳಲ್ಲಿ ಒಬ್ಬಳು ದರ್ಜಿಯ ಮಗಳು. ಹನ್ನೆರಡು ವರ್ಷ, ಕಡ್ಡಿಯಂಥ ಮೈ, ಪಟಪಟ ಮಾತು. ಅವಳಮ್ಮ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದೇ ಮೆಷಿನ್ನಿನ ಅಂಗಡಿ ಇಟ್ಟುಕೊಂಡು ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು ಮಾಡುತ್ತಿದ್ದಳು. ಗಿರಾಕಿಯ ಅಳತೆ ಕೇಳಿದ ಕೂಡಲೇ ಎಷ್ಟು ಬಟ್ಟೆ ಬೇಕು, ಎಷ್ಟು ಉಳಿಯುತ್ತೆ ಅಂತ ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದಳು. ಶಾಲೆಯಲ್ಲೂ ಅದೇ ಅಭ್ಯಾಸ. ಹಂತ ಇಲ್ಲ, ವಿವರಣೆ ಇಲ್ಲ, ಬರೀ ಉತ್ತರ. ‘ಅಯ್ಯೋ ಪಾಪ, ಮನೆಯಲ್ಲಿ ಹೇಳಿಕೊಡುವವರು ಯಾರಿದ್ದಾರೆ? ಉತ್ತರ ತಂದಳಲ್ಲ, ಅವಳ ಮಟ್ಟಿಗೆ ಅದೇ ದೊಡ್ಡದು’ ಅಂದುಕೊಂಡು ಟೀಚರು ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರು. ಒಂದು ಸಲ ಅಲ್ಲ, ಮೂರು ವರ್ಷ ಕೊಟ್ಟರು.

ಆ ಧೈರ್ಯದ ಮೇಲೆ ಹುಡುಗಿ ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗೆ ಕೂತಳು. ಫೀಸಿಲ್ಲ, ಹಾಸ್ಟೆಲ್ ಉಂಟು. ಅಲ್ಲಿ ಸೀಟು ಸಿಕ್ಕಿದರೆ ಮುಂದಿನ ಓದಿಗೆ ದಾರಿ, ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಎರಡನೇ ಮೆಷಿನ್ನು. ನೂರಕ್ಕೆ ಅರವತ್ತು ಬೇಕಿತ್ತು, ಬಂದದ್ದು ನಲವತ್ತೊಂದು.

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ರಜೆ ಚೀಟಿ ಬಿಸಾಡಿ, ಮೊದಲ ಬಸ್ಸು ಹತ್ತಿ, ಪರೀಕ್ಷಾ ಕಚೇರಿಗೆ ನುಗ್ಗಿದರು. ಕಿಟಕಿಯ ಪಕ್ಕದ ಮೇಜಿನಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಕಟ್ಟು ಬಿಚ್ಚುತ್ತಿದ್ದರು.

“ಹೆಸರು ನೋಡಿದ ತಕ್ಷಣ ಕತ್ತರಿ ಹಾಕಿದ್ದೀರಿ ಅಲ್ವಾ? ಆ ಜನ ಅಂದ್ರೆ ನಿಮಗೆಲ್ಲ ಅಷ್ಟು ಸಸಾರ!”

“ಕೂತ್ಕೊಳ್ಳಿ ಮೇಡಂ, ನೀರು ಕುಡೀರಿ.” ಗುಮಾಸ್ತರು ಹುಡುಗಿಯ ನಂಬರು ಕೇಳಿಕೊಂಡು, ಸಾವಧಾನವಾಗಿ ಹುಡುಕಿ ಉತ್ತರ ಪತ್ರಿಕೆ ತಂದು ಮುಂದಿಟ್ಟರು. ಮೇಲೆ ಹೆಸರೇ ಇರಲಿಲ್ಲ. ಮುನ್ನೂರ ಹದಿನೆಂಟು ಅಂತ ಒಂದು ನಂಬರು, ಅಷ್ಟೇ. “ಹೆಸರಿನ ಚೀಟಿ ಮೊದಲೇ ಹರಿದು ಬೇರೆ ಕವರಲ್ಲಿ ಸೀಲ್ ಮಾಡ್ತೀವಿ. ತಿದ್ದೋರಿಗೆ ಇದು ಹುಡುಗಾನೋ ಹುಡುಗೀನೋ ಅನ್ನೋದೂ ಗೊತ್ತಿರಲ್ಲ.”

ಟೀಚರು ಪುಟ ತಿರುವಿದರು. ಉತ್ತರಗಳು ಹೆಚ್ಚಿನವು ಸರಿಯೇ. ಆದರೆ ಹಂತ ಬರೆದಿಲ್ಲ, ಕಟ್. ಸೆಂಟಿಮೀಟರ್ ಇಲ್ಲ, ಅರ್ಧ ಮಾರ್ಕು ಕಟ್. ಗೆರೆ ಸೊಟ್ಟ, ಅರ್ಧ ಮಾರ್ಕು ಕಟ್. ಯಾರೋ ಅಪರಿಚಿತರು ತಿದ್ದಿದ ಪತ್ರಿಕೆ ತಾವೇ ತಿದ್ದಿದ ಹಾಗಿತ್ತು. ಊರಿನ ಮಕ್ಕಳ ಪುಸ್ತಕ ಹೇಗೆ ತಿದ್ದುತ್ತಿದ್ದರೋ ಥೇಟ್ ಹಾಗೆ.

“ಹುಡುಗಿ ಚುರುಕಿದಾಳೆ ಮೇಡಂ,” ಗುಮಾಸ್ತರು ಪಾಪ, ಸಮಾಧಾನ ಹೇಳಲು ಹೊರಟರು. “ಆದ್ರೆ ಇವಳಿಗೆ ಯಾರೂ ಕೂತು ಹೇಳಿಕೊಟ್ಟಿಲ್ಲ ಅನ್ಸುತ್ತೆ. ಯಾರಿವಳ ಟೀಚರು?”

“ನಾನೇ,” ಅಂದರು ಟೀಚರು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಉಳಿದ ಸೀಟುಗಳಿಗೆ ಐದು ವಾರದ ನಂತರ ಇನ್ನೊಂದು ಪರೀಕ್ಷೆ ಇದೆ ಅಂತ ಹೇಳಿ ಫಾರಂ ಕೊಟ್ಟು ಕಳಿಸಿದರು. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ಓಡಿಸಲು ಇಷ್ಟು ದೂರ ಬಂದೆನಲ್ಲ ಅಂತ ಟೀಚರಿಗೆ ಬಸ್ಸಿನುದ್ದಕ್ಕೂ ಅದೇ ಯೋಚನೆ.

ಇಳಿದವರು ನೆಟ್ಟಗೆ ದರ್ಜಿಯ ಅಂಗಡಿಗೆ ಹೋದರು. ಆಕೆ ಸ್ಟೂಲು ಒರೆಸಿ ಕೂರಿಸಿದಳು. ಟೀಚರು ಪತ್ರಿಕೆಯ ವಿಷಯ ಹೇಳಿ ಮುಗಿಸುವವರೆಗೂ ಕತ್ತರಿಸುವ ಹಲಗೆಯ ಮೇಲೆ ಬಟ್ಟೆಯ ಸುಕ್ಕು ನೇವರಿಸುತ್ತಾ ನಿಂತಿದ್ದಳು.

“ನಂಗೆ ನಿಮ್ಮ ಅಕ್ಷರ ಓದಕ್ಕೆ ಬರಲ್ಲ ಟೀಚರಮ್ಮ,” ಅಂದಳು ಕೊನೆಗೆ. “ಆದ್ರೆ ಪಕ್ಕದ ಅಂಗಡಿಯವರ ಮಗಳ ಪುಸ್ತಕ ನೋಡಿದೀನಿ, ಪೂರ್ತಿ ಕೆಂಪು. ನಮ್ಮವಳದ್ದು ಬೆಳ್ಳಗೆ. ಮೊದಮೊದಲು ಖುಷಿ ಪಟ್ಟೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಏನೋ ಕಸಿವಿಸಿ. ನಾನು ಚಾಕ್‌ಪೀಸಲ್ಲಿ ಗೆರೆ ಎಳೆಯೋದು ಹೊಲಿಯೋ ಬಟ್ಟೆ ಮೇಲೆ ತಾನೇ? ಗೆರೆ ಎಳೀದೆ ಮಡಚಿ ಇಟ್ಟಿದ್ದೀನಿ ಅಂದ್ರೆ, ಅದನ್ನ ಹೊಲಿಯೋ ಯೋಚನೆ ಇಲ್ಲ ಅಂತಾನೇ.”

“ಮತ್ತೆ ನಂಗೆ ಯಾಕೆ ಹೇಳಲಿಲ್ಲ?”

“ಇಷ್ಟು ಒಳ್ಳೆಯವರು ನೀವು. ನಿಮಗೆ ಹೇಗೆ ಹೇಳೋದು?”

ಇಪ್ಪತ್ತೆಂಟು ವರ್ಷ ವಿಜ್ಞಾನದ ಮೇಷ್ಟ್ರ ಜೊತೆ ಟೀಚರು ಕಾದಾಡಿದ್ದಾಯಿತು, ಹೇಳಿದ್ದು ಮಾತ್ರ ಇಬ್ಬರೂ ಒಂದನ್ನೇ. ಆತ ಉಗಿದು ಹೇಳಿದ, ಇವರು ಸಕ್ಕರೆ ಬೆರೆಸಿ ಹೇಳಿದರು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ತನಕ ‘ಶಾಭಾಸ್’ ಬರೆಸಿಕೊಂಡು ಹೋದ ಮಕ್ಕಳೆಲ್ಲ ಎಲ್ಲೆಲ್ಲಿ ಎಡವಿದರೋ ಅನ್ನುವ ಯೋಚನೆ ಕಾಡಿತು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಕೂರಿಸಿಕೊಂಡು, ಅವಳ ಹಳೆಯ ಪುಸ್ತಕವನ್ನೇ ಕೆಂಪು ಪೆನ್ನಿನಲ್ಲಿ ಮತ್ತೆ ತಿದ್ದಿದರು. ಇಪ್ಪತ್ತಿದ್ದದ್ದು ಎಂಟೂವರೆಗೆ ಇಳಿಯಿತು. ಹುಡುಗಿಯ ಕಣ್ಣು ತುಂಬಿಕೊಂಡಿತು.

“ಇದೆಲ್ಲ ಆಗ ನಿಮಗೆ ಕಾಣಿಸ್ಲಿಲ್ವಾ ಟೀಚರ್?”

ಕಾಣಿಸಲಿಲ್ಲ ಕಣಮ್ಮ, ವಯಸ್ಸಾಯ್ತು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಕಾಣಿಸ್ತು,” ಅಂದರು. “ನಿಂಗೆ ಇಷ್ಟು ಸಾಕು ಅಂದ್ಕೊಂಡೆ. ತಪ್ಪು ನಂದು.”

ಹುಡುಗಿ ಪುಸ್ತಕ ಎತ್ತಿಕೊಂಡು ಹೊರಟೇಹೋದಳು. ಎರಡು ದಿನ ಪತ್ತೆಯಿಲ್ಲ. ಮೂರನೆಯ ದಿನ ಬಂದು ಕೊನೆಯ ಬೆಂಚಿನಲ್ಲಿ ಕೂತು, ಮುಖ ಊದಿಸಿಕೊಂಡೇ “ಹೇಳ್ಕೊಡಿ” ಅಂದಳು.

ಐದು ವಾರ ಇಬ್ಬರೂ ಜಿದ್ದಿಗೆ ಬಿದ್ದವರ ಹಾಗೆ ದುಡಿದರು. ಉಗುರಿನಲ್ಲಿ ಹೋಗುವುದಕ್ಕೆ ಈಗ ಕೊಡಲಿ ಬೇಕಾಗಿತ್ತು, ಮೂರು ವರ್ಷದ ಅಭ್ಯಾಸ ಸುಲಭಕ್ಕೆ ಬಿಡುತ್ತದೆಯೇ? ಎರಡನೆಯ ಪರೀಕ್ಷೆಯಲ್ಲಿ ಬಂದದ್ದು ಐವತ್ತೇಳು. ಸೀಟು ಸಿಗಲಿಲ್ಲ. ಮುಂದಿನ ಪರೀಕ್ಷೆಗೆ ಇನ್ನೊಂದು ವರ್ಷ ಕಾಯಬೇಕು. ಮುಂದಿನ ವರ್ಷ ಎಂಬತ್ತೆರಡು ತೆಗೆದುಕೊಂಡು ಹೋದಳು ಅನ್ನುವುದು ಬೇರೆ ಮಾತು. ಆದರೆ ಆ ಮಗುವಿನ ಒಂದು ವರ್ಷವನ್ನು ತಿಂದವರು ಯಾರು ಅಂತ ಟೀಚರಿಗೆ ಗೊತ್ತಿತ್ತು, ಅದಕ್ಕೆ ಅವರು ಯಾವ ಸಬೂಬನ್ನೂ ಹುಡುಕಲಿಲ್ಲ.

ಅಂದಿನಿಂದ ಕಾಲುವೆಯಾಚೆಯ ಎಲ್ಲ ಪುಸ್ತಕಗಳೂ ಕೆಂಪಾದವು. ಈ ಟೀಚರೂ ನಮ್ಮ ಕೈ ಬಿಟ್ಟರಲ್ಲ ಅಂತ ಕೆಲವು ತಂದೆತಾಯಂದಿರು ಗೊಣಗಿದರು. ಟೀಚರು ಒಬ್ಬೊಬ್ಬರ ಮನೆಗೂ ಹೋಗಿ, ಪುಸ್ತಕ ಬಿಚ್ಚಿ, ತಮ್ಮ ತಪ್ಪನ್ನು ತಾವೇ ತೋರಿಸಿ ಬಂದರು. ವಿಜ್ಞಾನದ ಮೇಷ್ಟ್ರಂತೂ ಹಲ್ಲು ಕಿಸಿದು, “ಅಂತೂ ದಾರಿಗೆ ಬಂದ್ರಿ ಮೇಡಂ” ಅಂದರು. “ಬಂದೆ, ಆದ್ರೆ ನಿಮ್ಮ ದಾರಿಗಲ್ಲ ಮೇಷ್ಟ್ರೇ” ಅಂತ ಟೀಚರು ಲೋಟ ಕುಕ್ಕದೆಯೇ ಹೇಳಿದರು.

ಆ ಕಾಯುವ ವರ್ಷದಲ್ಲೇ ಒಂದು ದಿನ. ದರ್ಜಿಯ ಮಗಳು ಕಿರುಪರೀಕ್ಷೆಯಲ್ಲಿ ಒಂದು ಹಂತವನ್ನೂ ಬಿಡದೆ ಎಲ್ಲ ಲೆಕ್ಕವನ್ನೂ ಸರಿಯಾಗಿ ಮಾಡಿದ್ದಳು. ಒಂದೇ ಒಂದು ಕಡೆ ಸ್ಕೇಲ್ ಇಡದೆ ಗೆರೆ ಎಳೆದಿದ್ದಳು. ಹತ್ತೊಂಬತ್ತೂವರೆ.

“ಟೀಚರ್, ಇಷ್ಟೇ ಇಷ್ಟು ಗೆರೆ!”

“ಸ್ಕೇಲ್ ಎಲ್ಲಿತ್ತು?”

“ಬ್ಯಾಗಲ್ಲಿ.”

“ಹಾಗಾದ್ರೆ ಅರ್ಧ ಮಾರ್ಕೂ ಬ್ಯಾಗಲ್ಲೇ ಇರಲಿ.”

ಹುಡುಗಿ ಧಡಧಡ ಹೆಜ್ಜೆ ಹಾಕುತ್ತಾ ಹೊರಗೆ ಹೋದಳು. ಬಾಗಿಲಾಚೆ ಗೆಳತಿಯ ಹತ್ತಿರ ಅವಳು ಬುಸುಗುಡುವುದು ಒಳಗೆ ಸ್ಪಷ್ಟವಾಗಿ ಕೇಳಿಸಿತು. “ಸುಮ್ನೆ ಅಲ್ಲ ಕಣೇ ಆ ಹೆಸರು ಇಟ್ಟಿರೋದು. ಅರ್ಧ ಮಾರ್ಕು! ಪ್ರಾಣ ತಿಂತಾರೆ!”

ಟೀಚರು ಪೆನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಒಬ್ಬರೇ ಕೂತು ನಕ್ಕರು. ಇಪ್ಪತ್ತೊಂಬತ್ತು ವರ್ಷದಲ್ಲಿ ಕಾಲುವೆಯಾಚೆಯ ಮಗುವೊಂದು ಅವರನ್ನು ಆ ಹೆಸರಿನಿಂದ ಬೈದದ್ದು ಅದೇ ಮೊದಲು.