ಇಗ್ನೋತಪ್ಪನ ಮೂಗು

ಗಂಗಾವತಿಯ ಸಿಮೆಂಟ್ ವ್ಯಾಪಾರಿ ಚೌರಪ್ಪನಿಗೆ ತನ್ನದು ದೊಡ್ಡ ವಂಶವೆಂದು ಮೊದಲಿನಿಂದಲೂ ಗೊತ್ತಿತ್ತು, ಪುರಾವೆಯೊಂದೇ ಬಾಕಿ. ಕಥೋಲಿಕ ಸ್ಮಶಾನದ ಹಳೆಯ ದಫ್ತರದಲ್ಲಿ ಅವನ ಮುತ್ತಜ್ಜನ ತಂದೆಯ ಹೆಸರಿರಬೇಕಾದಲ್ಲಿ ಯಾರೋ ವಿದೇಶಿ ಪಾದ್ರಿ ಲ್ಯಾಟಿನ್‌ನಲ್ಲಿ 'ಇಗ್ನೋತುಸ್' ಎಂದು ಬರೆದಿದ್ದ. ಸರಿ, ರೋಮಿನಿಂದ ಬಂದ ಮೂಲಪುರುಷ ಸಿಕ್ಕೇಬಿಟ್ಟ! ಅಂಗಡಿಗೆ 'ಇಗ್ನೋತಪ್ಪ ಟ್ರೇಡರ್ಸ್' ಎಂಬ ಬೋರ್ಡು ಬಂತು. ಮುಖ ಹೇಗಿತ್ತೆಂದು ಕಿನ್ನಾಳದ ಬಡಗಿ ಕೇಳಿದಾಗ ಚೌರಪ್ಪ ತನ್ನದೇ ಫೋಟೊ ಕೊಟ್ಟು ಕಟ್ಟಿಗೆಯ ಮೂರ್ತಿ ಮಾಡಿಸಿದ.

ಅದನ್ನು ಆಶೀರ್ವದಿಸಲು ಬಂದ ಹೊಸ ಫಾದರ್, ಚೌರಪ್ಪ ಹೆಮ್ಮೆಯಿಂದ ತೋರಿಸಿದ ದಫ್ತರದಲ್ಲಿ ಆ ಹೆಸರು ಓದಿ ಕೆಮ್ಮಿದರು.

"ಚೌರಪ್ಪನವರ, ಇಗ್ನೋತುಸ್ ಅಂದ್ರ 'ಗೊತ್ತಿಲ್ಲ' ಅಂತರಿ. ಅಪ್ಪ ಯಾರಂತ ಗೊತ್ತಿಲ್ಲ ಅಂತ ಬರದಾರ."

ಚೌರಪ್ಪ ಒಂಚೂರೂ ಅಲುಗಲಿಲ್ಲ. ಮೂರ್ತಿಯತ್ತ ಕೈ ತೋರಿಸಿದ.

"ಗೊತ್ತಿಲ್ಲಾಂದ್ರ, ಮೂಗು ಥೇಟ್ ನನ್ನಂಗ ಹ್ಯಾಂಗ ಬಂತ್ರಿ, ಫಾದರ್?"